ಎಮ್ಮೆಗಳ ಸ್ಟಾಪು

ಮಡ್ಡಿ ಕ್ರಾಸಿನಲ್ಲಿ ಸ್ಟಾಪಿನ ಬೋರ್ಡಿಲ್ಲ, ಹಾಗಾಗಿ ಅಲ್ಲಿ ಬಸ್ ನಿಲ್ಲಿಸಕೂಡದು ಎಂದು ಬಸ್ ಡಿಪೋದ ಹೊಸ ಇನ್‌ಸ್ಪೆಕ್ಟರ್ ಸಾಹೇಬರು ಡ್ರೈವರನಿಗೆ ತಾಕೀತು ಮಾಡಿದರು. ಅಂದಿನಿಂದ ಊರಿನ ಐದು ಹುಡುಗಿಯರು ಹೈಸ್ಕೂಲಿಗೆ ನಾಲ್ಕು ಮೈಲಿ ನಡೆಯತೊಡಗಿದರು. ಮೂರನೇ ಸಂಜೆ ಶಂಕ್ರೆವ್ವ ಅವರಲ್ಲೊಬ್ಬಳಾದ ತನ್ನ ಮೊಮ್ಮಗಳು ಕಸ್ತೂರಿಯ ಅಂಗಾಲಿನ ಗುಳ್ಳೆಗಳಿಗೆ ಎಣ್ಣೆ ಸವರಿದಳು.

ಮರುದಿನದಿಂದ ಅವಳ ನಾಲ್ಕು ಎಮ್ಮೆಗಳು ಕೆರೆಗೆ ಹೋಗುವ ಹೊತ್ತು ಬದಲಾಯಿತು. ಸರಿಯಾಗಿ ಬಸ್ ಬರುವಾಗಲೇ ಅವು ಕ್ರಾಸಿನಲ್ಲಿ ರಸ್ತೆ ದಾಟುತ್ತಿದ್ದವು. ಎಮ್ಮೆಯ ನಡಿಗೆ ಗೊತ್ತಲ್ಲ. ಬಸ್ ನಿಲ್ಲಲೇಬೇಕು, ಅಷ್ಟರಲ್ಲಿ ಹುಡುಗಿಯರು ಹತ್ತಿಬಿಡುತ್ತಿದ್ದರು. ಡ್ರೈವರ್ ಒಂದು ದಿನವೂ ಹಾರ್ನ್ ಹೊಡೆಯಲಿಲ್ಲ.

ಸುದ್ದಿ ಸಾಹೇಬರ ಕಿವಿಗೆ ಬಿತ್ತು. ಕಣ್ಣಾರೆ ಕಂಡೇ ಕೇಳಬೇಕೆಂದು ತಾವೇ ಬಸ್ಸೇರಿ ಬಂದರು. ನೋಡಿದರೆ ರಸ್ತೆ ಖಾಲಿ. ಶಂಕ್ರೆವ್ವ ಬೇವಿನ ನೆರಳಲ್ಲಿ ಕೂತು ಕಸ್ತೂರಿಯ ತಲೆ ಬಾಚುತ್ತಿದ್ದಳು.

"ಗಾಡಿ ನಿಲ್ಸು" ಎಂದು ಡ್ರೈವರನಿಗೆ ಗದರಿ, ಸಾಹೇಬರು ಕಿಟಕಿಯಿಂದ ಕೇಳಿದರು: "ಎಲ್ಲವ್ವಾ ನಿನ್ನ ಎಮ್ಮಿ?"

"ಇವತ್ತ ಆಯ್ತಾರರೀ ಸಾಹೇಬ್ರ. ಸಾಲಿ ಸೂಟಿ ಐತಿ."

ಎಮ್ಮೆಗಳಿಗೂ ಭಾನುವಾರದ ರಜೆಯೇ ಎಂದು ಬಸ್ಸೆಲ್ಲ ನಕ್ಕಿತು.

"ಅಲ್ರೀ, ಬೋರ್ಡಿಲ್ಲದ ಕಡೆ ಬಸ್ ನಿಲ್ಲಸಬಾರದಂತ," ಎಂದಳು ಶಂಕ್ರೆವ್ವ ಬಾಚಣಿಗೆ ಬಿಡದೆ, "ಈಗ ಯಾರ ನಿಲ್ಲಿಸಿದ್ರರೀ?"

ಸಾಹೇಬರು ಕಿಟಕಿಯಿಂದ ಕೆಳಗೆ ನೋಡಿದರು. ಕಾಲು ಚಾಚಿ ಕೂತಿದ್ದ ಹುಡುಗಿಯ ಅಂಗಾಲಲ್ಲಿ ಗುಳ್ಳೆಯ ಗುರುತು ಇನ್ನೂ ಮಾಸಿರಲಿಲ್ಲ.

ಮುಂದಿನ ವಾರ ಕ್ರಾಸಿಗೆ ಬೋರ್ಡು ಬಂತು. ಆದರೆ ಅದನ್ನು ಎಮ್ಮೆಗಳಿಗೆ ಹೇಳುವವರು ಯಾರು? ಈಗಲೂ ಅವು ಬಸ್ಸಿನ ಹೊತ್ತಿಗೆ ಬರುತ್ತವೆ, ಐದೂ ಹುಡುಗಿಯರು ಹತ್ತುವ ತನಕ ರಸ್ತೆ ಬಿಡುವುದಿಲ್ಲ.