ಕೊನೇವರೆಗೂ ಕೂತವರಿಗೆ ತುಪ್ಪ

ಸೌದೆ ಡಿಪೊ ಕರಿಬಸಪ್ಪನವರದು ಒಂದೇ ಕಟ್ಟಳೆ. ವರ್ಷವಿಡೀ ತಮ್ಮಲ್ಲೇ ಸೌದೆ ಕೊಂಡವರಿಗೆ ಯುಗಾದಿಗೆ ಒಂದು ಗಾಡಿ ಸೌದೆ ಪುಕ್ಕಟೆ. ನಡುವೆ ಬೇರೆ ಡಿಪೊ ಹೊಕ್ಕರೆ ಒಂದು ಚಕ್ಕೆಯೂ ಇಲ್ಲ. ಆ ಗಾಡಿಯ ಆಸೆಗೆ ಊರೆಲ್ಲ ಅವರ ಹಸಿ ಸೌದೆ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡಿತ್ತು.

ಕೊಳಾಯಿ ಬೀದಿಯ ತುಂಗಕ್ಕನಿಗೆ ಸಾಕಾಗಿತ್ತು. ಅವಳು ಎದುರು ಡಿಪೊದಲ್ಲಿ ಒಣ ಸೌದೆ ಕೇಳಿದಳೆಂದು ತಿಳಿದು ಕರಿಬಸಪ್ಪ ಮನೆಗೇ ಬಂದರು.

"ಯುಗಾದಿ ಗಾಡಿ ಕಳ್ಕೋತೀಯ, ನೋಡು!"

"ಬನ್ನಿ ಸಾಹುಕಾರ್ರೆ, ಒಲೆ ಹತ್ರಾನೇ ಕೂತ್ಕೊಳ್ಳಿ. ಒಬ್ಬಟ್ಟು ಬೇಯಿಸ್ತೀನಿ. ಕೊನೇವರೆಗೂ ಕೂತವರಿಗೆ ಬಟ್ಟಲು ತುಂಬ ತುಪ್ಪ. ನಡುವೆ ಎದ್ದರೆ ತುಪ್ಪ ಇಲ್ಲ."

ತುಪ್ಪವೆಂದರೆ ಅವರಿಗೆ ಪ್ರಾಣ. ಕೂತರು. ತುಂಗಕ್ಕ ಅವರದೇ ಸೌದೆ ಒಲೆಗೆ ಇಟ್ಟಳು. ಹೊಗೆ ಎದ್ದಿತು. ಕೆಮ್ಮಿದರು. ಶಲ್ಯದಿಂದ ಮೂಗು ಮುಚ್ಚಿಕೊಂಡರು. ಹಂಚಿನ ಮೇಲೆ ಒಬ್ಬಟ್ಟು ಹಸಿಹಸಿಯಾಗೇ ಮಲಗಿತ್ತು. ಕಡೆಗೆ ಕಣ್ಣೀರು ಸುರಿಸುತ್ತ ಅಂಗಳಕ್ಕೆ ಹಾರಿದರು.

"ತುಪ್ಪ ಬೇಡವಾ, ಸಾಹುಕಾರ್ರೆ?"

"ನಿನ್ನ ತುಪ್ಪ ಹಾಳಾಗಿ ಹೋಗ್ಲಿ! ಮೊದಲು ಉಸಿರಾಡೋಕೆ ಬಿಡು!"

"ನಾನೂ ಅಷ್ಟೇ ಕೇಳ್ತಿರೋದು," ಎಂದಳು ತುಂಗಕ್ಕ.

ಮರುದಿನ ಎದುರು ಡಿಪೊದ ಸೌದೆಯಲ್ಲಿ ಒಬ್ಬಟ್ಟು ಹೊಂಬಣ್ಣಕ್ಕೆ ಬೆಂದವು. ಒಂದು ತಟ್ಟೆ ಕರಿಬಸಪ್ಪನವರಿಗೂ ಹೋಯಿತು. ತುಪ್ಪ ಮಾತ್ರ ಇರಲಿಲ್ಲ. ಕಟ್ಟಳೆ ಅಂದರೆ ಕಟ್ಟಳೆ.