ಕುರ್ಚಿಗೆ ಕೇಳದ ಸದ್ದು

“ಗುರುಗಳೇ, ನನ್ನ ಮಾತು ಚುಚ್ಚುತ್ತದೆ ಎಂದು ಮನೆಯಲ್ಲಿ ಎಲ್ಲರೂ ದೂರುತ್ತಾರೆ. ನಾನಾಡುವ ಮಾತನ್ನು ನಾನೇ ಕಿವಿಗೊಟ್ಟು ಕೇಳಿ ನೋಡಿದ್ದೇನೆ. ಚುಚ್ಚುವಂಥದ್ದು ಏನೂ ಕೇಳಿಸಲಿಲ್ಲ. ಇಲ್ಲದ್ದನ್ನು ಇದೆ ಎನ್ನುವವರಿಗೆ ಏನು ಹೇಳಲಿ?” ಎಂದು ಚನ್ನಮಲ್ಲಪ್ಪ ಎಂಬ ಶಿಷ್ಯ ಕೇಳಿದ.

“ಅವರಿಗೆ ಹೇಳುವುದು ಆಮೇಲೆ ಇರಲಿ ತಮ್ಮಾ. ಮೊದಲು ನೀನೊಂದು ಕತೆ ಕೇಳು” ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿಯಿದ್ದ. ಕೆಟ್ಟವನಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಕತೆ ಮುಗಿಯುವಷ್ಟರಲ್ಲಿ ನೀನು ಅವನನ್ನು ಬೈಯಲು ಹತ್ತುತ್ತೀ.

ಅವನ ಒಬ್ಬಳೇ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗಂಡು ಮಗುವಾಯಿತು. ವ್ಯಾಪಾರಿಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲೇ ಬಹಳ ದಿನದ ಆಸೆಯೊಂದನ್ನು ತೀರಿಸಿಕೊಂಡ. ನಡುಮನೆಯಲ್ಲಿ ಹೋಮ್ ಥಿಯೇಟರ್ ಹಾಕಿಸಿದ. ಗೋಡೆಯಗಲದ ಪರದೆ, ಸುತ್ತಲೂ ಸ್ಪೀಕರುಗಳು, ಮೂಲೆಯಲ್ಲೊಂದು ದೊಡ್ಡ ಪೆಟ್ಟಿಗೆ. ಗುಡುಗಿನಂಥ ತಗ್ಗು ಸದ್ದೆಲ್ಲ ಆ ಪೆಟ್ಟಿಗೆಯದು. ಪೆಟ್ಟಿಗೆಗೆ ಸಬ್‌ವೂಫರ್ ಎನ್ನುತ್ತಾರೆ, ಆ ಸದ್ದಿಗೆ ಬೇಸ್ ಎನ್ನುತ್ತಾರೆ. ಕೋಣೆಯ ನಟ್ಟನಡುವೆ ತನ್ನ ಕುರ್ಚಿ ಹಾಕಿಸಿಕೊಂಡ. ಯಜಮಾನ ಮತ್ತೆಲ್ಲಿ ಕೂರಬೇಕು, ನೀನೇ ಹೇಳು.

ಮೊದಲ ಸಂಜೆಯೇ ಅವನ ಮುಖ ಸಪ್ಪಗಾಯಿತು. ಪರದೆಯ ಮೇಲೆ ಕೋಟೆ ಉರುಳುತ್ತಿದೆ, ಇವನ ಎದೆಗೆ ಒಂದಿಷ್ಟೂ ಅದುರಿಲ್ಲ. ಬೇಸ್ ಸಾಲದು ಎಂದು ರಿಮೋಟ್ ಒತ್ತಿ ಏರಿಸಿದ. ಮರುದಿನ ಇನ್ನಷ್ಟು ಏರಿಸಿದ. ಕೂತ ಮೇಲೆ ಹಚ್ಚುವನು, ಆರಿಸಿ ಏಳುವನು. ಅಂಗಡಿಗೆ ಹೊರಡುವ ತನಕ ಅದೇ, ಅಂಗಡಿಯಿಂದ ಬಂದ ಮೇಲೂ ಅದೇ.

ಗೋಡೆಯ ಆಚೆಗೆ ಬಾಣಂತಿ ಕೋಣೆ. ಅಲ್ಲಿ ಮಗು ಹಾಲು ಬಿಡುತ್ತ ಬಂತು. ಎದೆಗೆ ಬಾಯಿ ಹಚ್ಚಿದ ಕೂಡಲೇ ಬೆಚ್ಚಿ ಚೀರುತ್ತಿತ್ತು. ಅಜ್ಜ ಅಂಗಡಿಗೆ ಹೋದ ಹೊತ್ತಿನಲ್ಲೂ ಆ ಬೆದರು ಬಿಡುತ್ತಿರಲಿಲ್ಲ. ಕಣ್ಣಿಗೆ ನಿದ್ದೆಯಿಲ್ಲ, ಮೈ ಇಳಿಯತೊಡಗಿತು. ವ್ಯಾಪಾರಿ ಕಂಗಾಲಾದ. ಎತ್ತಿಕೊಂಡು ವೈದ್ಯರ ಹತ್ತಿರ ಓಡಿದ. ಕಾಯಿಲೆಯೇನೂ ಕಾಣುತ್ತಿಲ್ಲ, ಆದರೆ ಹಾಲು ಕುಡಿಯದಿದ್ದರೆ ಈ ಜೀವ ಉಳಿಯುವುದು ಕಷ್ಟ ಎಂದು ವೈದ್ಯರು ಹೇಳಿದರು. ಮನೆಗೆ ಬಂದು ದೃಷ್ಟಿ ತೆಗೆಸಿದ. ತೊಟ್ಟಿಲು ನೋಡಲು ಬಂದವರ ಕಣ್ಣನ್ನೆಲ್ಲ ಶಪಿಸಿದ. ಮನಸ್ಸು ತಡೆಯಲಾರದೆ, ಸ್ವಲ್ಪ ಹಗುರಾಗಲಿ ಎಂದು ಮತ್ತೆ ಕುರ್ಚಿಯಲ್ಲಿ ಕೂತು ಪರದೆ ಹಚ್ಚಿದ.

ಹೆಂಡತಿ ಓಡಿ ಬಂದಳು. “ರೀ, ದಮ್ಮಯ್ಯ, ಆ ಪೆಟ್ಟಿಗೆ ಆರಿಸಿ. ಒಳಗೆ ಗೋಡೆಗೆ ಗುದ್ದಿದ ಹಾಗಾಗುತ್ತದೆ. ಮಗು ಬೆಚ್ಚುವುದು ಅದಕ್ಕೇ.”

“ಗುದ್ದುವುದೆ? ಇಷ್ಟು ಏರಿಸಿದರೂ ಏನೂ ಕೇಳದೆ ನಾನೇ ಒದ್ದಾಡುತ್ತಿದ್ದೇನೆ. ಬಾ, ನೀನೇ ಕೂತು ನೋಡು” ಎಂದು ವ್ಯಾಪಾರಿ ಎದ್ದು ಕುರ್ಚಿ ಬಿಟ್ಟುಕೊಟ್ಟ.

ಆಕೆ ಕೂತಳು. ಬಾಗಿಲಲ್ಲಿ ಕೇಳಿದ ಸದ್ದು ಕುರ್ಚಿಗೆ ಬರುವಷ್ಟರಲ್ಲಿ ಮಾಯ. ನೋಡು, ಮೋಸ ಇರುವುದು ಇಲ್ಲೇ. ಅವನು ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆಯಿಂದ ಹೊರಟ ಸದ್ದೂ ಗೋಡೆಗೆ ಬಡಿದು ಮರಳಿದ ಸದ್ದೂ ಒಂದನ್ನೊಂದು ನುಂಗಿಹಾಕುವ ಜಾಗ ಕೋಣೆಯಲ್ಲಿ ಇರುತ್ತದೆ. ಅವನ ಕುರ್ಚಿ ಸರಿಯಾಗಿ ಅಲ್ಲೇ ಇತ್ತು. ಪಾಪ, ಆ ಹೆಣ್ಣುಮಗಳಿಗೆ ಅದು ಹೇಗೆ ತಿಳಿಯಬೇಕು? ತನ್ನ ಕಿವಿಯ ಮೇಲೆ ತನಗೇ ಅನುಮಾನ ಬಂದು, ತೆಪ್ಪಗೆ ಒಳಗೆ ಹೋದಳು. ವ್ಯಾಪಾರಿ ಮತ್ತೆ ಕೂತು ಬೇಸನ್ನು ಇದ್ದಷ್ಟೂ ಏರಿಸಿದ.

ಆಗಲೂ ಕೇಳಲಿಲ್ಲ. ಸಿಟ್ಟು ನೆತ್ತಿಗೇರಿ, ಅದನ್ನೆಲ್ಲ ಜೋಡಿಸಿ ಹೋದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಪೆಟ್ಟಿಗೆ ನುಡಿಯುತ್ತಲೇ ಇರಲಿ, ನೀವು ಕುರ್ಚಿಯಿಂದ ಇಳಿದು ಗೋಡೆಯ ಬದಿಗೆ ಅಂಬೆಗಾಲಿಡುತ್ತ ಹೋಗಿ, ಎಲ್ಲಿ ತುಂಬಿ ಕೇಳುತ್ತದೋ ಅಲ್ಲಿ ಕುರ್ಚಿ ಹಾಕಿದರಾಯಿತು ಎಂದು ಅವನು ಹೇಳಿದ. ಆ ಕಸುಬಿನವರು ಜಾಗ ಹುಡುಕುವುದು ಹಾಗೆಯೇ, ನಿಂತರೆ ಕಿವಿ ಕೂತವರ ಎತ್ತರಕ್ಕೆ ಇರುವುದಿಲ್ಲವಲ್ಲ.

ವ್ಯಾಪಾರಿ ಪಂಚೆ ಎತ್ತಿ ಕಟ್ಟಿ ಅಂಬೆಗಾಲಿಟ್ಟ. ನಗಬೇಡ. ಗೋಡೆಯ ಹತ್ತಿರ ಬರುತ್ತಲೇ ಗುಮ್ಮೆಂದು ಎದೆಗೆ ಬಡಿಯಿತು. ಅಂಗೈ ಕೆಳಗೆ ನೆಲ ಅದುರಿತು. ಅಬ್ಬಬ್ಬಾ, ಇಷ್ಟೊಂದು ಸದ್ದು ಇಲ್ಲಿ ಬಿದ್ದಿತ್ತೆ ಎಂದು ಮೊದಲು ಅವನಿಗೆ ಖುಷಿಯೇ ಆಯಿತು. ಹೋದಷ್ಟೂ ಸದ್ದು ಹೆಚ್ಚಿತು. ಮೂಲೆ ಮುಟ್ಟಿದ. ಅಲ್ಲಿ ಬಾಣಂತಿ ಕೋಣೆಯ ಬಾಗಿಲು. ಅಂಬೆಗಾಲಲ್ಲೇ ತಲೆಯಿಂದ ಅದನ್ನು ದೂಡಿದ.

ಒಳಗೆ ಕಿಟಕಿಯ ಗಾಜು ಕಟಕಟ ಎನ್ನುತ್ತಿತ್ತು. ಯಾರೂ ತೂಗದ ತೊಟ್ಟಿಲಿನ ಸರಪಳಿ ನಡುಗುತ್ತಿತ್ತು. ಮಗಳು ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಮಗು. ಅವಳ ಎರಡೂ ಅಂಗೈ ಮಗುವಿನ ಎರಡು ಕಿವಿಗಳ ಮೇಲೆ. ಅದು ಅತ್ತು ಅತ್ತು ದನಿ ಉಡುಗಿ ಬರಿದೇ ಬಾಯಿ ತೆರೆಯುತ್ತಿತ್ತು. ಕಿವಿ ಬಿಟ್ಟರೆ ಮಗು ಬೆಚ್ಚುತ್ತದೆ, ಬಿಡದೆ ಹಾಲೂಡಿಸುವ ಹಾಗಿಲ್ಲ. ಹಾಲು ಸೋರಿ ಅವಳ ರವಿಕೆಯೆಲ್ಲ ನೆನೆದುಹೋಗಿತ್ತು.

“ಯಾವಾಗಿನಿಂದ ಹೀಗೆ ಕೂತಿದ್ದೀಯೇ ತಾಯಿ?” ಎಂದು ವ್ಯಾಪಾರಿ ಕೇಳಿದ.

“ನಿಮಗೆ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಏರಿಸತೊಡಗಿದಾಗಿನಿಂದ ಅಪ್ಪಾ” ಎಂದಳು ಮಗಳು. ಕೈ ತೆಗೆಯಲಿಲ್ಲ.

ರಿಮೋಟ್ ಕುರ್ಚಿಯ ಮೇಲೇ ಉಳಿದಿತ್ತು. ಓಡಿಹೋಗಿ ಆರಿಸಬೇಕು ಎಂದುಕೊಂಡ. ಏಳುವುದನ್ನೂ ಮರೆತು ಅಂಬೆಗಾಲಲ್ಲೇ ಅತ್ತ ತಿರುಗಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಕೊನೆಗೆ ಅವನು ಕುರ್ಚಿಯನ್ನು ಎಲ್ಲಿ ಹಾಕಿಸಿಕೊಂಡ ಗುರುಗಳೇ? ಬೇಸ್ ಚೆನ್ನಾಗಿ ಕೇಳಿಸಿತೆ?” ಎಂದು ಚನ್ನಮಲ್ಲಪ್ಪ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡಿದರು.

“ಮಗು ಹಾಲು ಕುಡಿಯಿತೆ ಎಂದು ನೀನು ಕೇಳಲಿಲ್ಲ.”