ಸುಮೇಧ ಕಿತ್ತ ಮುಳ್ಳು

ಹೊಳೆದಂಡೆಯ ಆಶ್ರಮವೊಂದರಲ್ಲಿ ಮಂದಾಕಿನಿಯಮ್ಮ ಎಂಬ ಗುರು ಇದ್ದರು. ಹೊಳೆ ದಾಟುವ ಯಾವ ಕಡವಿನಲ್ಲಿ ದೋಣಿ ಇದೆ, ಯಾವುದರಲ್ಲಿ ಇಲ್ಲ ಎಂದು ಎರಡೂ ದಡದವರಿಗೆ ತಿಳಿಸುವ ವೆಬ್‌ಸೈಟ್ ಒಂದನ್ನು ಅವರು ನೋಡಿಕೊಳ್ಳುತ್ತಿದ್ದರು.

ಅದು ಯಾರೊಬ್ಬರ ಸೊತ್ತೂ ಅಲ್ಲ. ಅದರ ಕೋಡ್ ಬಯಲಲ್ಲಿತ್ತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಕಲಿಯಲು ಬಂದವರು ಅದನ್ನು ಒಂದಿಷ್ಟಾದರೂ ಸುಧಾರಿಸಿಯೇ ಹೋಗಬೇಕೆಂಬುದು ಅಲ್ಲಿಯ ರೂಢಿ.

ತಾನೇನು ಮಾಡುತ್ತೇನೆಂದು ಹೇಳಲು ಶಿಷ್ಯ ಸುಮೇಧನಿಗೆ ಅಂದೇ ಕೊನೆಯ ದಿನ. ಹೊತ್ತು ಮುಳುಗುವುದರೊಳಗೆ ಗುರು ಒಪ್ಪದಿದ್ದರೆ ಆ ವರ್ಷ ಹೋದಂತೆಯೇ.

ಬೆಳಿಗ್ಗೆ ಅವನು ಕುಂಟುತ್ತ ಬಂದ. ಮೆಟ್ಟಿಲ ಮೇಲೆ ಕೂತು ಅಂಗಾಲಿನ ಜಾಲಿಮುಳ್ಳು ಕಿತ್ತು ಎಸೆದ. ಕೂತಲ್ಲಿ ಕೂರಲಾರದೆ ಮತ್ತೆ ಎದ್ದ.

“ಅಮ್ಮಾ, ದೋಣಿ ಎಲ್ಲಿದೆ ಅಂತ ನಮ್ಮ ವೆಬ್‌ಸೈಟೇ ಬಾಯಿಬಿಟ್ಟು ಹೇಳೋ ಹಾಗೆ ಮಾಡಲಾ?”

“ಮಾಡಬಹುದು.”

“ಬೇಡ, ಅದು ಚಿಕ್ಕದಾಯ್ತು. ನೆರೆ ಬರೋದನ್ನ ಮೊದಲೇ ಹೇಳೋ ಹಾಗೆ?”

“ಮಾಡಬಹುದು.”

“ಇಲ್ಲ, ಎಲ್ಲಾ ಬುಡದಿಂದ ಹೊಸದಾಗಿ ಬರೆದುಬಿಡ್ತೀನಿ!”

“ಹೊಳೆಯನ್ನೂ ಹೊಸದು ಮಾಡ್ತೀಯಾ?”

ಸುಮೇಧ ನಗಲಿಲ್ಲ. “ತಮಾಷೆ ಬೇಡಿ ಅಮ್ಮಾ. ಹೊತ್ತು ಏರ್ತಾ ಇದೆ.”

“ಈಗಿರೋದನ್ನ ನಿನ್ನ ಕಂಪ್ಯೂಟರಿನಲ್ಲಿ ನಡೆಸಿ ನೋಡಿದೆಯಾ?”

“ಓ, ಬಂದ ವಾರವೇ. ಹೇಗೆ ನಡೆಸಬೇಕು ಅಂತ ಕೋಡಿನ ಮೊದಲ ಪುಟದಲ್ಲಿರೋ ಸೂಚನೆ ಹಳೇದು. ಹಾಗೇ ಮಾಡಿದ್ರೆ ನಡುವೆ ನಿಂತುಬಿಡುತ್ತೆ. ತಲೆ ಚಚ್ಚಿಕೊಂಡು ಸಾಕಾಯ್ತು. ಆಮೇಲೆ ಒಂದು ಸಾಲು ಬದಲಾಯಿಸಿದೆ, ನಡೀತು.”

“ಎಲ್ಲಿ ಬದಲಾಯಿಸಿದೆ?”

“ನನ್ನ ಕಂಪ್ಯೂಟರಿನಲ್ಲಿ.”

“ಉಳಿದವರು?”

“ಅವರೂ ದಾರಿ ಹುಡುಕ್ಕೋತಾರೆ ಬಿಡಿ. ನನ್ನ ಕೆಲಸ ಯಾವುದು, ಅದನ್ನ ಹೇಳಿ.”

ಗುರು ಎದ್ದು ಒಳಗೆ ಹೋದರು.

ಸುಮೇಧ ಬರೆದ, ಹೊಡೆದುಹಾಕಿದ, ಅಂಗಳ ಸುತ್ತಿದ. ಜಗಲಿಯ ಕೊನೆಯಲ್ಲಿ ಹೊಸ ಶಿಷ್ಯೆ ಚಂಪಕಾ ಲ್ಯಾಪ್‌ಟಾಪಿಗೆ ಕಣ್ಣು ನೆಟ್ಟು ಕೂತಿದ್ದಳು. ಅವಳನ್ನು ದಾಟಿ ಹೋದ. ತಿರುಗಿ ಬರುವಾಗಲೂ ದಾಟಿದ. ಯೋಚನೆ ನಿಲ್ಲದೆ ಹೊಳೆಯ ಉದ್ದಕ್ಕೂ ನಡೆದುಬಿಟ್ಟ.

ಇಳಿಹೊತ್ತಿಗೆ ಮರಳಿದಾಗ ಜಗಲಿ ಖಾಲಿ.

“ಚಂಪಕಾ ಎಲ್ಲಿ ಅಮ್ಮಾ?”

“ಊರಿಗೆ ಹೊರಟಳು. ಎಷ್ಟು ಬೇಡಿಕೊಂಡರೂ ನಿಲ್ಲಲಿಲ್ಲ. ಸೂಚನೆಯಲ್ಲಿದ್ದ ಹಾಗೇ ಮಾಡಿದಳಂತೆ, ನಡುವೆಯೇ ನಿಂತುಹೋಯಿತಂತೆ. ತನ್ನ ತಲೆಯೇ ಇಷ್ಟು ಅಂದಳು.”

“ಅಯ್ಯೋ, ಅದು ಒಂದೇ ಸಾಲು! ನನ್ನ ಕೇಳಬಹುದಿತ್ತಲ್ಲ?”

“ಸುಮೇಧಣ್ಣ ಏನೋ ದೊಡ್ಡದು ಯೋಚಿಸ್ತಿದಾರೆ, ನಡುವೆ ಹೋಗಬಾರದು ಅಂತ ಸುಮ್ಮನಿದ್ದಳಂತೆ.”

ಸುಮೇಧ ದಡಕ್ಕೆ ಓಡಿದ. ಕಡೆಯ ದೋಣಿ ನಡುನೀರಿನಲ್ಲಿತ್ತು. ಕೈಬೀಸಿದ. ಕೂಗಿದ. ಗಾಳಿ ಎದುರಿತ್ತು. ಚೀಲವನ್ನು ತಬ್ಬಿ ಕೂತಿದ್ದ ಹುಡುಗಿ ತಿರುಗಿ ನೋಡಲಿಲ್ಲ.

ಅವನು ಹಿಂದಿರುಗುವಾಗ ಹೊತ್ತು ಮುಳುಗಿತ್ತು. ಗುರು ದೀಪ ಹಿಡಿದು, ಮೆಟ್ಟಿಲ ಬುಡದಲ್ಲಿ ಬಗ್ಗಿ ದಾರಿಯ ಮಣ್ಣನ್ನು ಸವರಿ ನೋಡುತ್ತಿದ್ದರು.

“ಅಮ್ಮಾ, ನಾನು ಯಾವ ಕೆಲಸ ಹಿಡಿಯಲಿ?”

ಗುರು ತಲೆಯೆತ್ತಲಿಲ್ಲ.

“ಬೆಳಿಗ್ಗೆ ಕಾಲಿಂದ ಕಿತ್ತೆಯಲ್ಲ, ಆ ಮುಳ್ಳನ್ನ ಎಲ್ಲಿ ಎಸೆದೆ?”